ದೊಡ್ಡ ಬಿಳಿ ಚಿಟ್ಟೆ (ಎಲೆಕೋಸಿನ ಚಿಟ್ಟೆ): ಜೀವನಕ್ರಮ, ಹಾನಿ ಮತ್ತು ಗುರುತಿಸುವ ವಿಧಾನ

1. ಪೀಠಿಕೆ

ತರಕಾರಿ ತೋಟದ ಮೇಲೆ ಬಿಳಿ ಚಿಟ್ಟೆಗಳು ಹಾರಾಡುವುದನ್ನು ಕಂಡ ಕೂಡಲೇ ಕೀಟನಾಶಕ ಸಿಂಪಡಿಸುವ ಪದ್ಧತಿ ಅನೇಕ ಬೆಳೆಗಾರರಲ್ಲಿ ಕಂಡುಬರುತ್ತದೆ. ಎಲ್ಲ ಬಿಳಿ ಚಿಟ್ಟೆಗಳೂ ಬೆಳೆಗೆ ಹಾನಿ ಮಾಡುವುದಿಲ್ಲ. ಹಾನಿ ಮಾಡುವ ಪ್ರಭೇದಗಳು ಎಲ್ಲ ಪ್ರದೇಶಗಳಲ್ಲಿಯೂ ಇರುವುದಿಲ್ಲ. ಎಲೆಕೋಸಿನ ಚಿಟ್ಟೆ ಎಂದು ಜಗತ್ತಿನಾದ್ಯಂತ ಹೆಸರಾದ ದೊಡ್ಡ ಬಿಳಿ ಚಿಟ್ಟೆಯ ಸ್ವರೂಪ, ಜೀವನಚಕ್ರ, ಆಹಾರ ಸಸ್ಯಗಳು, ನೈಸರ್ಗಿಕ ಶತ್ರುಗಳು ಹಾಗೂ ಅದು ಹೊಸ ಪ್ರದೇಶಗಳಿಗೆ ಹರಡಿದ ಬಗೆಯನ್ನು ಕುರಿತ ಮಾಹಿತಿಯನ್ನು ಬೆಳೆಗಾರರ, ಕೈತೋಟ ಮಾಡುವವರ ಮತ್ತು ವಿದ್ಯಾರ್ಥಿಗಳ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಸಂಕ್ಷಿಪ್ತ ವಿವರ

• ಸಾಮಾನ್ಯ ಹೆಸರು: ದೊಡ್ಡ ಬಿಳಿ ಚಿಟ್ಟೆ, ಎಲೆಕೋಸಿನ ಚಿಟ್ಟೆ
• ವೈಜ್ಞಾನಿಕ ಹೆಸರು: ಪಿಯರಿಸ್ ಬ್ರಾಸಿಕೆ
• ಗಣ: ಲೆಪಿಡಾಪ್ಟೆರಾ (ಚಿಟ್ಟೆ ಮತ್ತು ಪತಂಗಗಳ ಗಣ)
• ಕುಟುಂಬ: ಪಿಯರಿಡೆ (ಬಿಳಿ ಮತ್ತು ಹಳದಿ ಚಿಟ್ಟೆಗಳ ಕುಟುಂಬ)
• ರೆಕ್ಕೆಯ ಹರವು: ಸುಮಾರು 6 ರಿಂದ 7 ಸೆಂ.ಮೀ.
• ಮುಖ್ಯ ಆಹಾರ ಸಸ್ಯಗಳು: ಎಲೆಕೋಸು, ಹೂಕೋಸು, ನವಿಲುಕೋಸು, ಸಾಸಿವೆ, ಮೂಲಂಗಿ ಮತ್ತು ಇದೇ ಕುಟುಂಬದ ಇತರೆ ಸಸ್ಯಗಳು
• ಹಾನಿ ಮಾಡುವ ಹಂತ: ಮರಿಹುಳು ಮಾತ್ರ

ಸ್ವೀಡನ್ ದೇಶದ ಸಸ್ಯವಿಜ್ಞಾನಿ ಕಾರ್ಲ್ ಲಿನ್ನೇಯಸ್ 1758ರಲ್ಲಿ ಈ ಚಿಟ್ಟೆಗೆ ವೈಜ್ಞಾನಿಕ ಹೆಸರನ್ನು ನೀಡಿದರು. 'ಬ್ರಾಸಿಕೆ' ಎಂಬ ಪದವು ಎಲೆಕೋಸಿನ ಲ್ಯಾಟಿನ್ ಹೆಸರಾದ 'ಬ್ರಾಸಿಕಾ'ದಿಂದ ಬಂದಿದೆ. ಚಿಟ್ಟೆಯ ಆಹಾರವೇ ಅದರ ಹೆಸರಾಗಿ ಉಳಿದಿದೆ.

3. ಕಂಡುಬರುವ ಪ್ರದೇಶಗಳು

ಯೂರೋಪಿನಾದ್ಯಂತ, ಉತ್ತರ ಆಫ್ರಿಕಾದಲ್ಲಿ ಹಾಗೂ ಪಶ್ಚಿಮ ಮತ್ತು ಮಧ್ಯ ಏಷ್ಯಾದ ಮೂಲಕ ಹಿಮಾಲಯದವರೆಗೆ ಈ ಚಿಟ್ಟೆಯ ಸಹಜ ನೆಲೆ ಹರಡಿದೆ. ಭಾರತದಲ್ಲಿ ಜಮ್ಮು ಮತ್ತು ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡ ಹಾಗೂ ಈಶಾನ್ಯದ ಬೆಟ್ಟ ಪ್ರದೇಶಗಳಲ್ಲಿಯೂ, ಚಳಿಗಾಲದಲ್ಲಿ ಪಂಜಾಬ್, ಹರಿಯಾಣ, ಉತ್ತರ ಪ್ರದೇಶ ಮುಂತಾದ ಗಂಗಾ-ಸಿಂಧೂ ಬಯಲಿನ ರಾಜ್ಯಗಳಲ್ಲಿಯೂ ಇದು ಕಂಡುಬರುತ್ತದೆ. ಭಾರತದ ಉಪಪ್ರಭೇದವನ್ನು 'ನೇಪಾಲೆನ್ಸಿಸ್' ಎಂದು ಕರೆಯಲಾಗುತ್ತದೆ.

ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ಬಯಲು ಪ್ರದೇಶವು ಈ ಚಿಟ್ಟೆಯ ಸಹಜ ನೆಲೆಯಲ್ಲ. ಇದರ ಹತ್ತಿರದ ಸಂಬಂಧಿಯಾದ ಪಿಯರಿಸ್ ಕ್ಯಾನಿಡಿಯಾ ಎಂಬ ಚಿಕ್ಕ ಪ್ರಭೇದವು ನೀಲಗಿರಿ, ಪಳನಿ ಮುಂತಾದ ಎತ್ತರದ ಬೆಟ್ಟಗಳಲ್ಲಿ ನೆಲೆಸಿದೆ. ರಾಜ್ಯದ ಬೆಳೆಗಾರರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಇದರ ವಿವರವನ್ನು ಕ್ರಮಸಂಖ್ಯೆ 11ರಲ್ಲಿ ನೀಡಲಾಗಿದೆ.

4. ಗುರುತಿಸುವ ವಿಧಾನ

ರೆಕ್ಕೆಗಳ ಮೇಲ್ಭಾಗ ಹಾಲುಬಿಳುಪಾಗಿದ್ದು, ಮುಂದಿನ ರೆಕ್ಕೆಯ ತುದಿಯಲ್ಲಿ ಅಗಲವಾದ ಕಪ್ಪು ಪಟ್ಟೆ ಇರುತ್ತದೆ. ಈ ಕಪ್ಪು ಬಣ್ಣ ರೆಕ್ಕೆಯ ಹೊರ ಅಂಚಿನಗುಂಟ ಕೆಳಗೆ ಇಳಿದಿರುತ್ತದೆ. ಹಿಂದಿನ ರೆಕ್ಕೆಯ ಮೇಲಂಚಿನಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಹಿಂದಿನ ರೆಕ್ಕೆಯ ಕೆಳಭಾಗ ಮಸುಕಾದ ಹಳದಿ ಬಣ್ಣದ್ದಾಗಿದ್ದು, ಅದರ ಮೇಲೆ ಬೂದು ಪುಡಿ ಉದುರಿಸಿದಂತೆ ಕಾಣುತ್ತದೆ. ರೆಕ್ಕೆ ಮಡಚಿ ಕುಳಿತಾಗ ಚಿಟ್ಟೆಯು ಎಲೆಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳದಿರಲು ಇದೇ ಕಾರಣ.

ಗಂಡು ಮತ್ತು ಹೆಣ್ಣು ಚಿಟ್ಟೆಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಹೆಣ್ಣಿನ ಮುಂದಿನ ರೆಕ್ಕೆಯ ಮೇಲ್ಭಾಗದಲ್ಲಿ ಎರಡು ದುಂಡನೆಯ ಕಪ್ಪು ಚುಕ್ಕೆಗಳೂ, ಒಳ ಅಂಚಿನಲ್ಲಿ ಒಂದು ಕಪ್ಪು ಗೆರೆಯೂ ಇರುತ್ತವೆ. ಗಂಡಿನ ರೆಕ್ಕೆಯ ಮೇಲ್ಭಾಗದಲ್ಲಿ ಈ ಚುಕ್ಕೆಗಳು ಇರುವುದಿಲ್ಲ. ಕೆಳಭಾಗದಲ್ಲಿ ಮಾತ್ರ ಎರಡೂ ಲಿಂಗಗಳಲ್ಲಿ ಚುಕ್ಕೆಗಳು ಕಾಣುತ್ತವೆ.

5. ಬಿಳಿ ಬಣ್ಣದ ಮೂಲ

ಈ ಚಿಟ್ಟೆಯ ರೆಕ್ಕೆಯ ಬಿಳುಪಿಗೆ 'ಟೆರಿನ್' ಎಂಬ ವರ್ಗದ ರಾಸಾಯನಿಕಗಳು ಕಾರಣವಾಗಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಅವರು ಪಿಯರಿಡೆ ಕುಟುಂಬದ ಚಿಟ್ಟೆಗಳ ಬಣ್ಣವನ್ನು ಪರೀಕ್ಷಿಸಿ, ಅದು ಯೂರಿಕ್ ಆಮ್ಲಕ್ಕೆ ಸಂಬಂಧಿಸಿದ ವಸ್ತುವೆಂದು ಭಾವಿಸಿದ್ದರು. 1920ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಹೈನ್ರಿಕ್ ವೀಲ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು ಇಂತಹ ಬಣ್ಣಗಳನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ರೆಕ್ಕೆ ಎಂಬ ಅರ್ಥದ ಗ್ರೀಕ್ ಪದದಿಂದ ಅವುಗಳಿಗೆ ಹೆಸರಿಟ್ಟರು. ಬಿಳಿ ಚಿಟ್ಟೆಗಳಲ್ಲಿನ ವಸ್ತುವಿಗೆ 'ಲ್ಯೂಕೋಟೆರಿನ್' ಎಂದು ಹೆಸರು. ಮನುಷ್ಯರ ರಕ್ತವೃದ್ಧಿಗೆ ಅಗತ್ಯವಾದ ಫೋಲಿಕ್ ಆಮ್ಲದ ರಚನೆಯಲ್ಲಿಯೂ ಇದೇ ಟೆರಿನ್ ಭಾಗವಿದೆ ಎಂಬುದು ತರುವಾಯ ತಿಳಿದುಬಂದಿತು. ಗರ್ಭಿಣಿಯರಿಗೆ ನೀಡಲಾಗುವ ಮಾತ್ರೆಯಲ್ಲಿನ ಒಂದು ಅಂಶಕ್ಕೂ ಎಲೆಕೋಸಿನ ಮೇಲೆ ಹಾರುವ ಚಿಟ್ಟೆಯ ರೆಕ್ಕೆಗೂ ಈ ಬಗೆಯ ನಂಟಿದೆ.

6. ಜೀವನಚಕ್ರ

ಎಲ್ಲ ಚಿಟ್ಟೆಗಳಂತೆ ಇದರ ಜೀವನವೂ ಮೊಟ್ಟೆ, ಮರಿಹುಳು, ಕೋಶ ಮತ್ತು ಪ್ರೌಢಚಿಟ್ಟೆ ಎಂಬ ನಾಲ್ಕು ಹಂತಗಳಲ್ಲಿ ಪೂರ್ಣಗೊಳ್ಳುತ್ತದೆ. ಪ್ರತಿ ಹಂತದ ಅವಧಿಯು ಹವೆಯ ಉಷ್ಣತೆಯನ್ನು ಅವಲಂಬಿಸಿರುತ್ತದೆ.

(ಅ) ಮೊಟ್ಟೆ: ಹೆಣ್ಣು ಚಿಟ್ಟೆಯು ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ಎಲೆಯನ್ನು ಬಡಿದು ನೋಡುತ್ತದೆ. ರುಚಿಯನ್ನು ಗ್ರಹಿಸುವ ಸೂಕ್ಷ್ಮ ಅಂಗಗಳು ಅದರ ಪಾದಗಳಲ್ಲಿರುತ್ತವೆ. ಎಲೆಯು ಸೂಕ್ತವೆಂದು ಖಚಿತವಾದ ನಂತರ, ಹೆಚ್ಚಾಗಿ ಎಲೆಯ ಕೆಳಭಾಗದಲ್ಲಿ, ಹಳದಿ ಬಣ್ಣದ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ 20 ರಿಂದ 100 ಮೊಟ್ಟೆಗಳಿರುತ್ತವೆ. ಪ್ರತಿ ಮೊಟ್ಟೆಯೂ ಪುಟ್ಟ ಸೀಸೆಯ ಆಕಾರದಲ್ಲಿದ್ದು ನೆಟ್ಟಗೆ ನಿಂತಿರುತ್ತದೆ. ಈಗಾಗಲೇ ಮೊಟ್ಟೆಗಳಿರುವ ಎಲೆಯನ್ನು ಹೆಣ್ಣು ಚಿಟ್ಟೆ ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುತ್ತದೆ. ಇದರಿಂದ ಮರಿಗಳಿಗೆ ಆಹಾರದ ಕೊರತೆ ಉಂಟಾಗುವುದು ತಪ್ಪುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ವಾರದಲ್ಲಿ ಮೊಟ್ಟೆಗಳು ಒಡೆಯುತ್ತವೆ.

(ಆ) ಮರಿಹುಳು: ಹೊರಬಂದ ಮರಿಗಳು ಮೊದಲು ಮೊಟ್ಟೆಯ ಚಿಪ್ಪನ್ನು ತಿನ್ನುತ್ತವೆ. ಬಳಿಕ ಒಟ್ಟಾಗಿ ಎಲೆಯ ಮೇಲ್ಪದರವನ್ನು ಕೆರೆದು ತಿನ್ನಲು ಆರಂಭಿಸುತ್ತವೆ. ನಾಲ್ಕು ಬಾರಿ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತವೆ. ಪೂರ್ಣ ಬೆಳೆದ ಮರಿಹುಳು 4 ಸೆಂ.ಮೀ.ಗೂ ಹೆಚ್ಚು ಉದ್ದವಿದ್ದು, ಬೂದು ಮಿಶ್ರಿತ ಹಸಿರು ಮೈ, ಹಳದಿ ಪಟ್ಟೆಗಳು, ಕಪ್ಪು ಚುಕ್ಕೆಗಳು ಮತ್ತು ಸಣ್ಣ ರೋಮಗಳಿಂದ ಕೂಡಿರುತ್ತದೆ. ಕೊನೆಯ ಹಂತದವರೆಗೂ ಗುಂಪಾಗಿಯೇ ಇರುವ ಇವು ಎಲೆಯ ನರಗಳನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನೆಲ್ಲ ತಿಂದುಬಿಡುತ್ತವೆ. ನಂತರ ಚದುರಿ ಪಕ್ಕದ ಗಿಡಗಳಿಗೆ ಹೋಗುತ್ತವೆ. ಈ ಹಂತವು ಸುಮಾರು ಮೂರರಿಂದ ನಾಲ್ಕು ವಾರಗಳ ಕಾಲ ಇರುತ್ತದೆ.

(ಇ) ಕೋಶ: ಪೂರ್ಣ ಬೆಳೆದ ಮರಿಹುಳು ಸಾಮಾನ್ಯವಾಗಿ ತಾನು ತಿಂದ ಗಿಡವನ್ನು ಬಿಟ್ಟು ಗೋಡೆ, ಬೇಲಿ, ಮರದ ಕಾಂಡ ಅಥವಾ ಮನೆಯ ಸೂರಿನತ್ತ ಹರಿದುಹೋಗುತ್ತದೆ. ಅಲ್ಲಿ ಬಾಲದ ತುದಿಯನ್ನು ರೇಷ್ಮೆಯ ಗುಬುಟಿಗೆ ಸಿಕ್ಕಿಸಿ, ನಡುವಿಗೆ ರೇಷ್ಮೆಯ ಎಳೆಯೊಂದನ್ನು ಸುತ್ತಿಕೊಂಡು ಕೋಶಾವಸ್ಥೆಯನ್ನು ತಲುಪುತ್ತದೆ. ಕೋಶದ ಬಣ್ಣವು ಅದು ಅಂಟಿಕೊಂಡಿರುವ ಜಾಗದ ಬಣ್ಣಕ್ಕೆ ಹೊಂದುವಂತಿರುತ್ತದೆ. ಬೆಚ್ಚನೆಯ ಕಾಲದಲ್ಲಿ ಸುಮಾರು ಎರಡು ವಾರಗಳಲ್ಲಿ ಚಿಟ್ಟೆ ಹೊರಬರುತ್ತದೆ. ಶೀತ ದೇಶಗಳಲ್ಲಿ ಹಗಲು ಕಿರಿದಾಗುತ್ತಾ ಬಂದಂತೆ ಬೆಳೆದ ಮರಿಹುಳುಗಳು ಕೋಶವಾಗಿ ಚಳಿಗಾಲವಿಡೀ ನಿದ್ರಾವಸ್ಥೆಯಲ್ಲಿದ್ದು, ವಸಂತದಲ್ಲಿ ಚಿಟ್ಟೆಯಾಗುತ್ತವೆ.

(ಈ) ಪ್ರೌಢಚಿಟ್ಟೆ: ಚಿಟ್ಟೆಯ ಬಾಯಿ ಸುರುಳಿ ಸುತ್ತಿದ ಕೊಳವೆಯಂತಿದ್ದು, ಹೂವಿನ ಮಕರಂದ ಹೀರಲು ಮಾತ್ರ ಯೋಗ್ಯವಾಗಿರುತ್ತದೆ. ಆದುದರಿಂದ ಪ್ರೌಢಚಿಟ್ಟೆ ಎಲೆಯನ್ನು ತಿನ್ನುವುದಿಲ್ಲ. ಮಕರಂದ ಹುಡುಕುವಾಗ ನೀಲಿ, ಹಳದಿ ಮುಂತಾದ ಬಣ್ಣಗಳತ್ತ ಹೋಗುವ ಹೆಣ್ಣು ಚಿಟ್ಟೆಯು, ಮೊಟ್ಟೆ ಇಡುವ ವೇಳೆ ಹಸಿರು ಬಣ್ಣದತ್ತ ಮಾತ್ರ ಹೋಗುತ್ತದೆ. ಇದನ್ನು 1937ರಲ್ಲಿ ಡೋರಾ ಇಲ್ಸೆ ಎಂಬ ವಿಜ್ಞಾನಿ ಬಣ್ಣದ ಕಾಗದಗಳ ಸಹಾಯದಿಂದ ತೋರಿಸಿಕೊಟ್ಟರು.

7. ಆಹಾರ ಸಸ್ಯಗಳು ಮತ್ತು ಸಾಸಿವೆಯ ಘಾಟು

ಸಾಸಿವೆಯನ್ನು ಅರೆಯುವಾಗ ಮೂಗಿಗೆ ಹತ್ತುವ ಘಾಟು ಎಲ್ಲರಿಗೂ ತಿಳಿದದ್ದೇ. ಇಡೀ ಸಾಸಿವೆ ಕಾಳಿಗೆ ಆ ಘಾಟು ಇರುವುದಿಲ್ಲ. ಸಾಸಿವೆ, ಎಲೆಕೋಸು, ಮೂಲಂಗಿ ಮುಂತಾದ ಸಸ್ಯಗಳ ಜೀವಕೋಶಗಳಲ್ಲಿ 'ಗ್ಲೂಕೋಸಿನೋಲೇಟ್' ಎಂಬ ವಸ್ತುಗಳು ಒಂದೆಡೆಯೂ, ಅವುಗಳನ್ನು ಒಡೆಯುವ ಕಿಣ್ವವು ಇನ್ನೊಂದೆಡೆಯೂ ಪ್ರತ್ಯೇಕವಾಗಿ ಇರುತ್ತವೆ. ಎಲೆ ಅಥವಾ ಕಾಳು ಜಜ್ಜಿದಾಗ ಇವೆರಡೂ ಕೂಡಿ ಘಾಟಿನ ಸಾಸಿವೆ ಎಣ್ಣೆ ಉತ್ಪತ್ತಿಯಾಗುತ್ತದೆ. ಇದು ತನ್ನನ್ನು ತಿನ್ನಲು ಬರುವ ಕೀಟಗಳ ವಿರುದ್ಧ ಸಸ್ಯವು ಮಾಡಿಕೊಂಡಿರುವ ರಕ್ಷಣಾ ವ್ಯವಸ್ಥೆ. ಬಹುತೇಕ ಕೀಟಗಳಿಗೆ ಇದು ವಿಷ.

ಪಿಯರಿಸ್ ಜಾತಿಯ ಮರಿಹುಳುಗಳ ಕರುಳಿನಲ್ಲಿರುವ ವಿಶೇಷ ಪ್ರೋಟೀನು ಈ ಕ್ರಿಯೆಯ ದಿಕ್ಕನ್ನೇ ಬದಲಿಸಿ, ಘಾಟಿನ ಎಣ್ಣೆಯ ಬದಲು ಕಡಿಮೆ ಅಪಾಯದ ವಸ್ತು ಉಂಟಾಗುವಂತೆ ಮಾಡುತ್ತದೆ. ಹೀಗೆ ಇತರ ಕೀಟಗಳಿಗೆ ಮುಚ್ಚಿದ ಬಾಗಿಲು ಈ ಚಿಟ್ಟೆಗೆ ತೆರೆದಿದೆ. ಅಷ್ಟೇ ಅಲ್ಲ, ಶತ್ರುಗಳನ್ನು ಓಡಿಸಬೇಕಾದ ವಸ್ತುವೇ ಈ ಚಿಟ್ಟೆಗೆ ಆಹಾರದ ಗುರುತಾಗಿದೆ. 1910ರಲ್ಲಿ ಡಚ್ ಸಸ್ಯವಿಜ್ಞಾನಿ ವರ್ಷಾಫೆಲ್ಟ್ ಅವರು, ಮರಿಹುಳುಗಳು ಸಾಮಾನ್ಯವಾಗಿ ಮುಟ್ಟದ ಎಲೆಗಳಿಗೆ 'ಸಿನಿಗ್ರಿನ್' ಎಂಬ ಗ್ಲೂಕೋಸಿನೋಲೇಟ್ ದ್ರಾವಣವನ್ನು ಸವರಿದಾಗ ಅವು ಆ ಎಲೆಗಳನ್ನು ತಿನ್ನಲಾರಂಭಿಸಿದ್ದನ್ನು ತೋರಿಸಿದರು. ಕೀಟ ಮತ್ತು ಸಸ್ಯಗಳ ಸಂಬಂಧದ ಅಧ್ಯಯನದಲ್ಲಿ ಈ ಪ್ರಯೋಗಕ್ಕೆ ಮಹತ್ವದ ಸ್ಥಾನವಿದೆ. ಉದ್ಯಾನಗಳಲ್ಲಿ ಬೆಳೆಸುವ ನಸ್ಟರ್ಶಿಯಂ ಹೂಗಿಡವು ಎಲೆಕೋಸಿನ ಕುಟುಂಬಕ್ಕೆ ಸೇರದಿದ್ದರೂ ಅದರಲ್ಲಿ ಇದೇ ವರ್ಗದ ವಸ್ತುಗಳಿರುವುದರಿಂದ ಈ ಚಿಟ್ಟೆಯು ಅದರ ಮೇಲೂ ಮೊಟ್ಟೆ ಇಡುತ್ತದೆ.

8. ನೈಸರ್ಗಿಕ ಶತ್ರುಗಳು

ಒಂದು ಹೆಣ್ಣು ಚಿಟ್ಟೆ ಇಡುವ ಮೊಟ್ಟೆಗಳೆಲ್ಲ ಚಿಟ್ಟೆಗಳಾದಲ್ಲಿ ಎಲೆಕೋಸು ಬೆಳೆಯುವುದೇ ಅಸಾಧ್ಯವಾಗುತ್ತಿತ್ತು. ಹಾಗಾಗದಂತೆ ತಡೆಯುವ ಜೀವಿಗಳಲ್ಲಿ ಈ ಕೆಳಕಂಡವು ಮುಖ್ಯವಾದವು.

(1) ಕೋಟೇಸಿಯಾ ಗ್ಲೊಮೆರೇಟಾ: ಇದು ಕೆಲವೇ ಮಿಲಿಮೀಟರ್ ಉದ್ದದ ಕಪ್ಪು ಕಣಜ. ಎಳೆಯ ಮರಿಹುಳುವಿನ ಮೈಯೊಳಗೆ ಅನೇಕ ಮೊಟ್ಟೆಗಳನ್ನು ಇಡುತ್ತದೆ. ಕಣಜದ ಮರಿಗಳು ಮರಿಹುಳುವಿನ ದೇಹದ ದ್ರವವನ್ನು ಹೀರಿ ಬೆಳೆದು, ಮರಿಹುಳು ಪೂರ್ಣ ಬೆಳೆದ ವೇಳೆಗೆ ಅದರ ಚರ್ಮವನ್ನು ಸೀಳಿ ಹೊರಬರುತ್ತವೆ. ಹೊರಬಂದ ಕೂಡಲೇ ಪಕ್ಕದಲ್ಲಿಯೇ ಹಳದಿ ರೇಷ್ಮೆಯ ಪುಟ್ಟ ಗೂಡುಗಳನ್ನು ಹೆಣೆದುಕೊಳ್ಳುತ್ತವೆ. ಮರಿಹುಳು ಆಗಲೂ ಕೆಲಕಾಲ ಜೀವಂತವಿದ್ದು, ಆ ಗೂಡುಗಳ ಮೇಲೆ ತಾನೂ ರೇಷ್ಮೆ ಹೊದಿಸಿ ಕಾವಲು ಕಾಯುವಂತೆ ವರ್ತಿಸಿ ಬಳಿಕ ಸಾಯುತ್ತದೆ.

1602ರಲ್ಲಿ ಇಟಲಿಯ ಉಲಿಸ್ಸೆ ಆಲ್ಡ್ರೊವಾಂಡಿ ಈ ಸಂಗತಿಯನ್ನು ದಾಖಲಿಸಿದಾಗ ಆ ಹಳದಿ ಗೂಡುಗಳನ್ನು ಮರಿಹುಳುವಿನ ಮೊಟ್ಟೆಗಳೆಂದೇ ಭಾವಿಸಿದ್ದರು. ನಾಲ್ಕು ನೂರು ವರ್ಷಗಳ ನಂತರವೂ ತೋಟಗಳಲ್ಲಿ ಇದೇ ತಪ್ಪು ನಡೆಯುತ್ತಿದೆ. ಕೀಟದ ಮೊಟ್ಟೆಗಳೆಂದು ತಿಳಿದು ಹಳದಿ ಗೂಡುಗಳನ್ನು ಹೊಸಕಿ ಹಾಕಿದರೆ ಬೆಳೆಗಾರರ ಮಿತ್ರನೇ ನಾಶವಾಗುತ್ತದೆ. ಚಿಟ್ಟೆಯ ಮೊಟ್ಟೆಗಳು ಎಲೆಗೆ ನೇರವಾಗಿ ಅಂಟಿ ಸಾಲಾಗಿ ನಿಂತಿರುತ್ತವೆ. ಕಣಜದ ಗೂಡುಗಳು ಹತ್ತಿಯ ಎಳೆಯಂತಹ ರೇಷ್ಮೆಯಿಂದ ಕೂಡಿದ್ದು, ಸತ್ತ ಅಥವಾ ಸಾಯುತ್ತಿರುವ ಮರಿಹುಳುವಿನ ಪಕ್ಕದಲ್ಲಿ ರಾಶಿಯಾಗಿರುತ್ತವೆ. ಈ ವ್ಯತ್ಯಾಸವನ್ನು ನೆನಪಿಡತಕ್ಕದ್ದು.

(2) ಟ್ರೈಕೋಗ್ರಾಮ: ಇವು ಚಿಟ್ಟೆಯ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುವ ಅತಿ ಸೂಕ್ಷ್ಮ ಕಣಜಗಳು. ಮಿಲನದ ವೇಳೆ ಗಂಡು ಚಿಟ್ಟೆಯು, ಬೇರೆ ಗಂಡುಗಳು ಹೆಣ್ಣಿನ ಹತ್ತಿರ ಬರದಂತೆ, ಒಂದು ವಾಸನೆಯನ್ನು ಹೆಣ್ಣಿಗೆ ದಾಟಿಸುತ್ತದೆ. ಟ್ರೈಕೋಗ್ರಾಮ ಕಣಜವು ಅದೇ ವಾಸನೆಯ ಜಾಡು ಹಿಡಿದು ಹೆಣ್ಣು ಚಿಟ್ಟೆಯ ಮೈಮೇಲೆ ಏರಿ ಕುಳಿತು, ಅದು ಮೊಟ್ಟೆ ಇಡುವ ಜಾಗದವರೆಗೂ ಸವಾರಿ ಮಾಡುತ್ತದೆ ಎಂಬುದು 2005ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ.

(3) ಟೆರೊಮ್ಯಾಲಸ್ ಪ್ಯೂಪಾರಮ್: ಮರಿಹುಳು ಕೋಶವಾಗುವುದನ್ನೇ ಕಾದಿದ್ದು, ಇನ್ನೂ ಮೆತ್ತಗಿರುವ ಕೋಶದೊಳಗೆ ಮೊಟ್ಟೆ ಇಡುವ ಕಣಜ.

(4) ಗ್ರ್ಯಾನ್ಯೂಲೋ ವೈರಸ್: ಈ ರೋಗ ತಗುಲಿದ ಮರಿಹುಳುಗಳ ಮೈ ಬಿಳಿಚಿಕೊಂಡು, ಒಳಗೆ ಕರಗಿ ದ್ರವವಾಗುತ್ತದೆ. ಮರಿಹುಳುಗಳು ದಟ್ಟವಾಗಿರುವಲ್ಲಿ ಇದು ಬೇಗನೆ ಹರಡುತ್ತದೆ.

ಸಸ್ಯವೂ ಈ ಹೋರಾಟದಲ್ಲಿ ಪಾಲ್ಗೊಳ್ಳುತ್ತದೆ. ಮರಿಹುಳು ಎಲೆಯನ್ನು ಕಚ್ಚಿದಾಗ ಅದರ ಜೊಲ್ಲಿನಲ್ಲಿನ ಕಿಣ್ವವೊಂದು ಎಲೆಗೆ ತಾಗುತ್ತದೆ. ಇದರಿಂದ ಎಲೆಕೋಸಿನ ಗಿಡವು ವಿಶೇಷವಾದ ವಾಸನೆಗಳನ್ನು ಹೊರಸೂಸುತ್ತದೆ. ಆ ವಾಸನೆಯನ್ನು ಗ್ರಹಿಸಿ ಕೋಟೇಸಿಯಾ ಕಣಜಗಳು ಅಲ್ಲಿಗೆ ಬರುತ್ತವೆ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1995ರಲ್ಲಿ ಇದನ್ನು ಸಾಬೀತುಪಡಿಸಿದರು. ಕಣ್ಣಿಗೆ ಕಂಡ ಪ್ರತಿ ಹುಳುವಿಗೂ ವ್ಯಾಪಕ ಪರಿಣಾಮದ ಕೀಟನಾಶಕ ಸಿಂಪಡಿಸಿದಲ್ಲಿ, ಗಿಡವು ಕರೆದ ಈ ಸಹಾಯವೂ ಬಾರದಂತಾಗುತ್ತದೆ.

9. ವಲಸೆ

ದೊಡ್ಡ ಬಿಳಿ ಚಿಟ್ಟೆಯು ಬಲವಾಗಿ ಹಾರಬಲ್ಲದು. ಯೂರೋಪಿನಲ್ಲಿ ಇವು ಕೆಲವು ವರ್ಷಗಳಲ್ಲಿ ದೊಡ್ಡ ಗುಂಪುಗಳಾಗಿ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಬರುವುದು ಬಹುಕಾಲದಿಂದ ದಾಖಲಾಗಿದೆ. ಭಾರತದಲ್ಲಿ ಇದರ ಸಂಚಾರ ಋತುಮಾನವನ್ನು ಅನುಸರಿಸುತ್ತದೆ. ಚಳಿಗಾಲದಲ್ಲಿ ಉತ್ತರದ ಬಯಲಿನಲ್ಲಿ ಎಲೆಕೋಸು, ಹೂಕೋಸು ಮತ್ತು ಸಾಸಿವೆ ಬೆಳೆಗಳಿರುವಾಗ ಅಲ್ಲಿ ವಂಶಾಭಿವೃದ್ಧಿ ನಡೆಸುತ್ತದೆ. ಬೇಸಿಗೆಯ ಬಿಸಿ ಏರಿದಂತೆ ಹಿಮಾಲಯದ ತಂಪು ಕಣಿವೆಗಳತ್ತ ಹೋಗುತ್ತದೆ. ಬಯಲಿನಲ್ಲಿ ಬೆಳೆ ಮುಗಿಯುವ ಹೊತ್ತಿಗೆ ಬೆಟ್ಟದಲ್ಲಿ ಬೆಳೆ ಆರಂಭವಾಗುವುದರಿಂದ ಈ ಚಿಟ್ಟೆಗೆ ಬಹುಪಾಲು ವರ್ಷ ಆಹಾರ ದೊರೆಯುತ್ತದೆ.

10. ಹೊಸ ನಾಡುಗಳಿಗೆ ಪ್ರವೇಶ

ಕೋಶವು ಗೋಡೆ, ಪೆಟ್ಟಿಗೆ ಮುಂತಾದ ಯಾವುದೇ ವಸ್ತುವಿಗೆ ಅಂಟಿಕೊಳ್ಳಬಲ್ಲದು. ಆದುದರಿಂದ ಸರಕು ಸಾಗಣೆಯ ಜೊತೆಯಲ್ಲಿ ಈ ಚಿಟ್ಟೆ ದೂರದೇಶಗಳಿಗೂ ಹೋಗುವ ಸಾಧ್ಯತೆ ಇದೆ. 1970ರ ದಶಕದಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿಯೂ, 1994ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸುತ್ತಮುತ್ತಲಿನಲ್ಲಿಯೂ ಇದು ಕಾಣಿಸಿಕೊಂಡು ನೆಲೆಯೂರಿತು.

2010ರ ಮೇ ತಿಂಗಳಿನಲ್ಲಿ ನ್ಯೂಜಿಲೆಂಡಿನ ಬಂದರು ಪಟ್ಟಣವಾದ ನೆಲ್ಸನ್‌ನ ಮನೆಯ ಕೈತೋಟವೊಂದರಲ್ಲಿ ಈ ಚಿಟ್ಟೆಯ ಮರಿಹುಳುಗಳು ಪತ್ತೆಯಾದವು. ಆ ದೇಶದಲ್ಲಿ ಎಲೆಕೋಸಿನ ಕುಟುಂಬಕ್ಕೆ ಸೇರಿದ 70ಕ್ಕೂ ಹೆಚ್ಚು ಸ್ಥಳೀಯ ಕಾಡುಸಸ್ಯಗಳಿದ್ದು, ಅವುಗಳಲ್ಲಿ ಬಹುಪಾಲು ಈಗಾಗಲೇ ಅಳಿವಿನ ಅಂಚಿನಲ್ಲಿದ್ದವು. ಚಿಟ್ಟೆ ಹರಡಿದಲ್ಲಿ ತರಕಾರಿ ಮತ್ತು ಮೇವಿನ ಬೆಳೆಗಳಿಗೆ ನಷ್ಟವಾಗುವುದರ ಜೊತೆಗೆ ಆ ಸಸ್ಯಗಳೂ ಇಲ್ಲವಾಗುವ ಭೀತಿ ಇತ್ತು. 2012ರ ನವೆಂಬರ್‌ನಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆಯು ನಿರ್ಮೂಲನ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು.

ಸಿಬ್ಬಂದಿಯು ಮನೆಮನೆಗೂ ತೆರಳಿ ಹಿತ್ತಲಿನ ಗಿಡಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸುಮಾರು 29,000 ನಿವೇಶನಗಳಲ್ಲಿ ಒಟ್ಟು 2,63,000ಕ್ಕೂ ಹೆಚ್ಚು ಬಾರಿ ತಪಾಸಣೆ ನಡೆಯಿತು. ಸಾರ್ವಜನಿಕರು ತಮ್ಮ ತೋಟದಲ್ಲಿ ಕಂಡ ಮೊಟ್ಟೆ, ಮರಿಹುಳು ಮತ್ತು ಚಿಟ್ಟೆಗಳ ಬಗ್ಗೆ ದೂರವಾಣಿ ಮೂಲಕ ಮಾಹಿತಿ ನೀಡಿದರು. 2013ರ ಶಾಲಾ ರಜೆಯಲ್ಲಿ ಮಕ್ಕಳು ಹಿಡಿದು ತಂದ ಪ್ರತಿ ಚಿಟ್ಟೆಗೆ 10 ಡಾಲರ್ ಬಹುಮಾನ ಘೋಷಿಸಲಾಗಿತ್ತು. ಹಿಂದೆಯೇ ಚಿಕ್ಕ ಬಿಳಿ ಚಿಟ್ಟೆಯ ಹತೋಟಿಗಾಗಿ ಆ ದೇಶಕ್ಕೆ ತರಿಸಲಾಗಿದ್ದ ಕಣಜಗಳೂ ನೆರವಾದವು. 2014ರ ಡಿಸೆಂಬರ್ ನಂತರ ಒಂದೂ ಚಿಟ್ಟೆ ಕಂಡುಬರಲಿಲ್ಲ. ಸುಮಾರು ಎರಡು ವರ್ಷ ಕಾಯ್ದು, 2016ರ ನವೆಂಬರ್‌ನಲ್ಲಿ ನಿರ್ಮೂಲನ ಪೂರ್ಣಗೊಂಡಿತೆಂದು ಘೋಷಿಸಲಾಯಿತು. ಹೊರಗಿನಿಂದ ಬಂದು ಹರಡುತ್ತಿದ್ದ ಚಿಟ್ಟೆಯೊಂದನ್ನು ಸಂಪೂರ್ಣವಾಗಿ ನಿವಾರಿಸಿದ್ದು ಪ್ರಪಂಚದಲ್ಲಿ ಇದೇ ಮೊದಲು. ಮನೆಯವರು ನೀಡಿದ ಮಾಹಿತಿಯಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಇದೆ. ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ಮಾತ್ರ ವಾಸವಾಗಿದ್ದ, ದೊಡ್ಡ ಬಿಳಿ ಚಿಟ್ಟೆಯ ಅತಿ ಹತ್ತಿರದ ಬಂಧುವಾದ ಮದೀರಾ ಬಿಳಿ ಚಿಟ್ಟೆಯು 1986ರ ನಂತರ ಖಚಿತವಾಗಿ ಕಂಡುಬಂದಿಲ್ಲ. ಹೊರಗಿನಿಂದ ಬಂದ ಚಿಕ್ಕ ಬಿಳಿ ಚಿಟ್ಟೆಯೊಡನೆ ಬಂದ ವೈರಸ್ ರೋಗವು ಇದಕ್ಕೆ ಒಂದು ಕಾರಣವಿರಬಹುದೆಂದು ಶಂಕಿಸಲಾಗಿದೆ. ಒಂದು ನಾಡಿನಲ್ಲಿ ಪೀಡೆಯೆನಿಸಿದ ಕುಲದ ಜೀವಿಯೇ ಮತ್ತೊಂದು ನಾಡಿನಲ್ಲಿ ಉಳಿಸಿಕೊಳ್ಳಲಾಗದ ಸಂಪತ್ತಾಗಿದೆ. ಜೀವಿಗಳನ್ನು ಅವುಗಳ ನೆಲೆಯಿಂದ ಬೇರೆಡೆಗೆ ಒಯ್ಯುವುದರ ಪರಿಣಾಮವನ್ನು ಈ ಎರಡೂ ನಿದರ್ಶನಗಳು ತಿಳಿಸುತ್ತವೆ.

11. ಕರ್ನಾಟಕದ ಬೆಳೆಗಾರರ ಗಮನಕ್ಕೆ

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಹಾಸನ, ಬೆಳಗಾವಿ ಮುಂತಾದ ಜಿಲ್ಲೆಗಳಲ್ಲಿ ಎಲೆಕೋಸು ಬೆಳೆಯಲಾಗುತ್ತಿದೆ. ಈ ಹೊಲಗಳ ಮೇಲೆ ಹಾರಾಡುವ ಬಿಳಿ ಅಥವಾ ತಿಳಿಹಳದಿ ಚಿಟ್ಟೆಗಳು ಸಾಮಾನ್ಯವಾಗಿ ಬೇರೆ ಪ್ರಭೇದಗಳಿಗೆ ಸೇರಿದವು. ಅವುಗಳಲ್ಲಿ ಕೆಲವು ಕಕ್ಕೆ ಮತ್ತು ತಂಗಡಿ ಗಿಡಗಳ ಮೇಲೂ, ಕೆಲವು ಬೇಲಿಯ ಮುಳ್ಳುಪೊದೆಗಳ ಮೇಲೂ, ರೆಕ್ಕೆಯಲ್ಲಿ ಒಂದೇ ಕಪ್ಪು ಚುಕ್ಕೆಯುಳ್ಳ ನೆಲಮಟ್ಟದಲ್ಲಿ ಹಾರುವ ಪುಟ್ಟ ಬಿಳಿ ಚಿಟ್ಟೆಯು ನಾಯಿಸಾಸಿವೆಯಂತಹ ಕಳೆಗಿಡಗಳ ಮೇಲೂ ಮೊಟ್ಟೆ ಇಡುತ್ತವೆ. ಇವು ಎಲೆಕೋಸನ್ನು ತಿನ್ನುವ ಜೀವಿಗಳಲ್ಲ. ಮಕರಂದಕ್ಕಾಗಿ ಅಥವಾ ವಲಸೆಯ ಹಾದಿಯಲ್ಲಿ ಹೊಲವನ್ನು ದಾಟುವಂತಹವು.

ರಾಜ್ಯದಲ್ಲಿ ಎಲೆಕೋಸಿನ ಪ್ರಮುಖ ಪೀಡೆ ವಜ್ರಬೆನ್ನಿನ ಪತಂಗ. ಇದು ಒಂದು ಸೆಂ.ಮೀ.ಗಿಂತ ಚಿಕ್ಕದಾದ ಬೂದುಗಂದು ಬಣ್ಣದ ಪತಂಗ. ರೆಕ್ಕೆ ಮಡಚಿ ಕುಳಿತಾಗ ಬೆನ್ನಿನ ಮೇಲೆ ವಜ್ರಾಕೃತಿಯ ಗುರುತುಗಳು ಕಾಣುತ್ತವೆ. ಇದರ ಹಸಿರು ಮರಿಹುಳು ಮುಟ್ಟಿದೊಡನೆ ಕೊಸರಾಡಿ ರೇಷ್ಮೆಯ ಎಳೆಯಲ್ಲಿ ಜೋತುಬೀಳುತ್ತದೆ. ಎಲೆಯ ಒಂದು ಪದರವನ್ನು ಮಾತ್ರ ಉಳಿಸಿ ತಿನ್ನುವುದರಿಂದ ಎಲೆಯಲ್ಲಿ ಗಾಜಿನ ಕಿಟಕಿಯಂತಹ ತೇಪೆಗಳು ಕಾಣುತ್ತವೆ. ಈ ಪತಂಗವು ಕೀಟನಾಶಕಗಳಿಗೆ ಬಹುಬೇಗ ಒಗ್ಗಿಕೊಳ್ಳುತ್ತದೆ. ಡಿ.ಡಿ.ಟಿ.ಗೆ ಇದು ನಿರೋಧಕ ಶಕ್ತಿ ಪಡೆದದ್ದು 1950ರ ದಶಕದ ಆರಂಭದಲ್ಲಿಯೇ ಜಾವಾ ದ್ವೀಪದಲ್ಲಿ ಕಂಡುಬಂದಿತ್ತು.

ಬಿಳಿ ಚಿಟ್ಟೆಯನ್ನು ಕಂಡು ಮಾಡುವ ಸಿಂಪಡಣೆಯಿಂದ ಮೂರು ಬಗೆಯ ನಷ್ಟ ಉಂಟಾಗುತ್ತದೆ. ಔಷಧಿ ಮತ್ತು ಕೂಲಿಯ ವೆಚ್ಚ ವ್ಯರ್ಥವಾಗುತ್ತದೆ. ಪತಂಗವನ್ನು ಹತೋಟಿಯಲ್ಲಿಡುವ ಕಣಜಗಳು ಸಾಯುತ್ತವೆ. ಸಾಯದೆ ಉಳಿದ ಪತಂಗಗಳ ಪೀಳಿಗೆ ಇನ್ನಷ್ಟು ನಿರೋಧಕವಾಗುತ್ತದೆ.

12. ಅನುಸರಿಸಬಹುದಾದ ಕ್ರಮಗಳು

• ವಾರಕ್ಕೆರಡು ಬಾರಿ ಎಲೆಗಳ ಕೆಳಭಾಗವನ್ನು ತಿರುವಿ ನೋಡುವುದು. ಹೊಲದ ಮೇಲೆ ಹಾರುವ ಚಿಟ್ಟೆಗಳ ಸಂಖ್ಯೆಯನ್ನು ನೋಡಿ ನಿರ್ಧಾರ ಕೈಗೊಳ್ಳಬಾರದು. ಎಲೆಯ ಮೇಲಿನ ಮೊಟ್ಟೆ ಮತ್ತು ಮರಿಹುಳುಗಳನ್ನು ನೋಡಿಯೇ ನಿರ್ಧರಿಸತಕ್ಕದ್ದು.
• ಗುಂಪಾಗಿರುವ ಮೊಟ್ಟೆ ಅಥವಾ ಎಳೆಯ ಮರಿಹುಳುಗಳಿದ್ದಲ್ಲಿ ಆ ಎಲೆಯನ್ನು ಕಿತ್ತು ನಾಶಪಡಿಸುವುದು. ದೊಡ್ಡ ಬಿಳಿ ಚಿಟ್ಟೆಯಿರುವ ಉತ್ತರದ ರಾಜ್ಯಗಳಲ್ಲಿ ಕೈತೋಟ ಹಾಗೂ ಸಣ್ಣ ಹಿಡುವಳಿಗೆ ಇದೇ ಅತ್ಯಂತ ಅಗ್ಗದ ವಿಧಾನ.
• ಹಳದಿ ರೇಷ್ಮೆಯ ಕಣಜದ ಗೂಡುಗಳನ್ನು ಹಾಗೆಯೇ ಬಿಡುವುದು.
• ವಜ್ರಬೆನ್ನಿನ ಪತಂಗದ ಹತೋಟಿಗೆ ಸಾಸಿವೆಯನ್ನು ಬಲೆ ಬೆಳೆಯಾಗಿ ಬೆಳೆಯುವುದು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ರೂಪಿಸಿದ ಪದ್ಧತಿಯಂತೆ, ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಬಿತ್ತಲಾಗುತ್ತದೆ. ಒಂದು ಸಾಲನ್ನು ಎಲೆಕೋಸು ನಾಟಿಗೆ 15 ದಿನ ಮುಂಚೆಯೂ, ಇನ್ನೊಂದನ್ನು ನಾಟಿಯಾದ 25 ದಿನಗಳ ನಂತರವೂ ಬಿತ್ತುವುದರಿಂದ ಬೆಳೆಯ ಅವಧಿಯುದ್ದಕ್ಕೂ ಎಳೆಯ ಸಾಸಿವೆ ದೊರೆತು ಪತಂಗಗಳು ಅದರತ್ತ ಸೆಳೆಯಲ್ಪಡುತ್ತವೆ.
• ಅಗತ್ಯವಿದ್ದಲ್ಲಿ ಮೊದಲಿಗೆ ಬೇವಿನ ಬೀಜದ ಕಷಾಯ ಅಥವಾ ಬಿ.ಟಿ. ಜೈವಿಕ ಕೀಟನಾಶಕವನ್ನು ಬಳಸುವುದು.
• ರಾಸಾಯನಿಕ ಬಳಸಲೇಬೇಕಾದಲ್ಲಿ ಆ ಬೆಳೆಗೆ ಶಿಫಾರಸಾದ ಔಷಧಿಯನ್ನು ಮಾತ್ರ ಬಳಸಿ, ಚೀಟಿಯಲ್ಲಿ ನಮೂದಿಸಿದಷ್ಟು ದಿನ ಕಾಯ್ದು ಕೊಯ್ಲು ಮಾಡತಕ್ಕದ್ದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿಟ್ಟೆಯನ್ನು ಹಿಡಿದು ಕೊಂದರೆ ಬೆಳೆ ಉಳಿಯುವುದೇ?
ಉತ್ತರ: ಕರ್ನಾಟಕದಲ್ಲಿ ಕಾಣುವ ಬಿಳಿ ಚಿಟ್ಟೆಗಳಿಂದ ಎಲೆಕೋಸಿಗೆ ಸಾಮಾನ್ಯವಾಗಿ ತೊಂದರೆ ಇಲ್ಲದಿರುವುದರಿಂದ ಅವುಗಳನ್ನು ಕೊಲ್ಲುವ ಅಗತ್ಯವಿಲ್ಲ.

ಪ್ರಶ್ನೆ: ಮರಿಹುಳು ತಿಂದ ಎಲೆಕೋಸನ್ನು ಅಡುಗೆಗೆ ಬಳಸಬಹುದೇ?
ಉತ್ತರ: ಹಾಳಾದ ಹೊರ ಎಲೆಗಳನ್ನು ತೆಗೆದು, ಉಳಿದ ಭಾಗವನ್ನು ಬಿಡಿಸಿ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆದು ಬಳಸಬಹುದು.

ಪ್ರಶ್ನೆ: ವಿದೇಶದಿಂದ ಅಥವಾ ಹೊರರಾಜ್ಯದಿಂದ ತರಕಾರಿ ಸಸಿಗಳನ್ನು ತರಬಹುದೇ?
ಉತ್ತರ: ವಿದೇಶದಿಂದ ಬೀಜ ಮತ್ತು ಸಸಿ ತರುವುದು 2003ರ ಸಸ್ಯ ಸಂಪರ್ಕನಿಷೇಧ ಆದೇಶಕ್ಕೆ ಒಳಪಟ್ಟಿದ್ದು, ಅದರಂತೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರದ ನಿಬಂಧನೆಗಳನ್ನು ಪಾಲಿಸತಕ್ಕದ್ದು. ಹೊರರಾಜ್ಯದ ಸಸಿಗಳನ್ನು ತರುವಾಗ ಎಲೆಯ ಕೆಳಭಾಗ, ಕುಂಡ ಮತ್ತು ಪೆಟ್ಟಿಗೆಗಳ ಮೂಲೆಗಳನ್ನು ಪರಿಶೀಲಿಸಿ ಮೊಟ್ಟೆ ಅಥವಾ ಕೋಶಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

ಪ್ರಶ್ನೆ: ಎಲೆಕೋಸಿನ ಮೇಲೆ ಹಳದಿ ಪಟ್ಟೆ, ಕಪ್ಪು ಚುಕ್ಕೆಯ ಮರಿಹುಳುಗಳು ಗುಂಪಾಗಿ ಕಂಡುಬಂದಲ್ಲಿ ಏನು ಮಾಡಬೇಕು?
ಉತ್ತರ: ಸಿಂಪಡಣೆಗೆ ಮುನ್ನ ಭಾವಚಿತ್ರ ತೆಗೆದುಕೊಳ್ಳುವುದು. ಎಲೆಯ ಸಹಿತ ಎರಡು-ಮೂರು ಹುಳುಗಳನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು, ದಿನಾಂಕ, ಗ್ರಾಮ ಮತ್ತು ಬೆಳೆಯ ಹೆಸರನ್ನು ಬರೆದು, ತಾಲ್ಲೂಕಿನ ತೋಟಗಾರಿಕೆ ಕಛೇರಿಗೆ ತಲುಪಿಸುವುದು. ಉಳಿದ ಹುಳುಗಳಿರುವ ಎಲೆಗಳನ್ನು ಕಿತ್ತು ನಾಶಪಡಿಸಬಹುದು.

14. ಸಾರ್ವಜನಿಕರಲ್ಲಿ ಮನವಿ

ಹೊಸ ಕೀಟವೊಂದು ಒಂದು ಪ್ರದೇಶಕ್ಕೆ ಬಂದಾಗ ಅದನ್ನು ಮೊದಲು ಕಾಣುವವರು ತಮ್ಮ ಹಿತ್ತಲಿನ ಗಿಡಕ್ಕೆ ನೀರು ಹಾಯಿಸುವ ಸಾಮಾನ್ಯ ಜನರೇ ಆಗಿರುತ್ತಾರೆ. ನೆಲ್ಸನ್ ಪಟ್ಟಣದಲ್ಲಿಯೂ ಹಾಗೆಯೇ ಆಯಿತು. ಸಕಾಲದಲ್ಲಿ ನೀಡಿದ ಒಂದು ಮಾಹಿತಿಯಿಂದ ಮುಂದೆ ಅನೇಕ ವರ್ಷಗಳ ನಷ್ಟವನ್ನು ತಪ್ಪಿಸಬಹುದು. ಅದೇ ರೀತಿ, ಹುಳುವನ್ನು ಸರಿಯಾಗಿ ಗುರುತಿಸಿದ ಬೆಳೆಗಾರರು ಅನಗತ್ಯವಾದ ಸಿಂಪಡಣೆಯ ವೆಚ್ಚವನ್ನು ಉಳಿಸಿಕೊಳ್ಳಬಹುದು. ಆದುದರಿಂದ ಔಷಧಿಯ ಅಂಗಡಿಗೆ ಹೋಗುವ ಮುನ್ನ ಎಲೆಯನ್ನು ತಿರುವಿ ನೋಡಬೇಕೆಂದೂ, ಅಪರಿಚಿತ ಕೀಟ ಕಂಡುಬಂದಲ್ಲಿ ತಡಮಾಡದೆ ಹತ್ತಿರದ ತೋಟಗಾರಿಕೆ ಕಛೇರಿ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕೆಂದೂ ಸಾರ್ವಜನಿಕರಲ್ಲಿ ಕೋರಲಾಗಿದೆ.